ಮೂಟೆಯ ಜ್ವರ

"ಒದರೇ ಸೆರಗು! ಇನ್ನೂ ಒದರು! ಬಟ್ಟೆಯೊಳಗೆ ಗೋದಾಮನ್ನೇ ಹೊತ್ಕೊಂಡು ಹೋಗ್ತೀಯಲ್ಲೇ, ಕಳ್ಳ ಮುಂಡೆ!"

ಕೋಳಿ ಫಾರಂನ ಗೇಟಿನಲ್ಲಿ ಮೇಸ್ತ್ರಿ ಕೋಲಿನ ತುದಿಯಿಂದ ಅವಳ ಸೆರಗನ್ನು ಎತ್ತಿ ಹಿಡಿದಿದ್ದ. ಉದುರಿದ್ದು ನಾಲ್ಕು ಚೂರು ಜೋಳದ ನುಚ್ಚು. ಅದನ್ನೂ ಪಕ್ಕದಲ್ಲಿ ನಿಂತಿದ್ದ ಫಾರಂ ಧಣಿ ಬೂಟುಗಾಲಿನಲ್ಲಿ ಹೊಸಕಿದ. ಗೋದಾಮಿನ ಮೂಟೆ ನೋಡಿಕೊಳ್ಳುವ ಈ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದುದು ಗುಬ್ಬಿ ಎಂದೇ.

"ಗುಬ್ಬಿಗೆ ಕಾಳು ಹೆಕ್ಕೋದನ್ನ ಬೇರೆ ಹೇಳ್ಕೊಡಬೇಕಾ?" ಎಂದ ಧಣಿ. ಮೇಸ್ತ್ರಿ ನಕ್ಕ. ಹಿಂದೆ ಸಾಲಿನಲ್ಲಿ ನಿಂತ ಹೆಂಗಸರೂ ನಕ್ಕರು. ನಗದಿದ್ದರೆ ಮುಂದಿನ ಸೆರಗು ಅವರದು.

ಈ ಕಳ್ಳತನದ ಭೂತ ಧಣಿಯ ತಲೆ ಹೊಕ್ಕಿದ್ದು ಮಳೆಗಾಲದ ಹೊಸ್ತಿಲಲ್ಲಿ. ಕೋಳಿಗೆ ಹಾಕುವ ಫೀಡಿನ ಮೂಟೆ ನೆಲಕ್ಕೆ ತಾಗಬಾರದು, ಗೋಡೆಗೆ ಒರಗಬಾರದು. ಅಡಿಗೆ ಹಲಗೆ, ಗೋಡೆಯಿಂದ ಮೊಳದಷ್ಟು ದೂರ, ಕಿಟಕಿಯಲ್ಲಿ ಗಾಳಿ. ಗುಬ್ಬಿಯ ಅತ್ತೆ ಇಪ್ಪತ್ತು ವರ್ಷ ನಡೆಸಿ, ಮಗ ತೀರಿಕೊಂಡ ಮೇಲೆ ಸೊಸೆಗೆ ಒಪ್ಪಿಸಿದ ಕಟ್ಟಳೆಯಿದು. ಆದರೆ ಹಲಗೆಯ ಸಂದಿಗೆ ಬಿದ್ದ ಕಾಳನ್ನು ಆಳುಗಳು ಗುಡಿಸಿ ಒಯ್ಯುತ್ತಾರೆಂದು ಧಣಿ ಹಲಗೆಗಳನ್ನೇ ಕೀಳಿಸಿದ. ಕಿಟಕಿಯಿಂದ ಆಚೆ ಸುರಿಯುತ್ತಾರೆಂದು ಕಿಟಕಿಗಳಿಗೆ ತಗಡು ಹೊಡೆಸಿದ. ಮೂಟೆಗಳು ಬರಿ ಸಿಮೆಂಟಿನ ಮೇಲೆ ಕೂತವು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಬೇರೆ. ಮುಚ್ಚಿಟ್ಟ ಉಪ್ಪೂ ನೀರಾಗುವಂಥ ಹವೆ. ಗೋಡೆ ಬೆವರಿತು, ನೆಲ ಬೆವರಿತು, ಹೊದಿಕೆಯೊಳಗೆ ಮೂಟೆಗಳೂ ಬೆವರಿದವು.

"ಧಣಿ, ಮೂಟೆಗೆ ಗಾಳಿ ಬೇಕು..." ಎಂದು ಗುಬ್ಬಿ ಒಮ್ಮೆ ಬಾಯಿ ತೆರೆದಿದ್ದಳು.

"ಫ್ಯಾನ್ ಹಾಕಿಸ್ಲಾ? ತಲೆದಿಂಬೂ ಕೊಡಿಸ್ಲಾ?"

ಅಂದಿನಿಂದ ಬಾಯಿಗೆ ಬೀಗ.

ಆಮೇಲೆ ಕೋಳಿಗಳು ಬೀಳತೊಡಗಿದವು. ಮೊದಲ ದಿನ ಒಂದು ಬುಟ್ಟಿ, ನಾಲ್ಕನೆಯ ದಿನ ತಳ್ಳುಗಾಡಿ ತುಂಬ. ಗುಬ್ಬಿ ಹಿಂಬದಿಯ ಮೂಲೆಯ ಕೆಳಸಾಲಿನ ಮೂಟೆಯೊಂದರ ಹೊಲಿಗೆ ಬಿಚ್ಚಿ, ಅತ್ತೆ ಕಲಿಸಿದ ಹಾಗೆ ಮೊಣಕೈವರೆಗೂ ತೋಳು ತೂರಿಸಿದಳು. ಒಳಗೆ ಬಿಸಿ. ಜ್ವರ ಬಂದ ಕೂಸಿನ ಕಂಕುಳಿನಷ್ಟು ಬಿಸಿ. ಹೊರಬಂದ ಕೈಗೆ ಹಸಿರು ಬೂಷ್ಟು ಮೆತ್ತಿತ್ತು. ಕೋಳಿಗಳು ತಿಂದದ್ದು ಇದನ್ನೇ. ಆ ಮಬ್ಬಿನಲ್ಲಿ ಮೂಟೆಗಳ ರಾಶಿ, ಕಥೆಯ ರಾಕ್ಷಸನೊಬ್ಬ ಮಗ್ಗುಲಾಗಿ ಮಲಗಿ ಮೆಲ್ಲಗೆ ಉಸಿರಾಡುತ್ತಿರುವಂತೆ ಕಂಡಿತು. ಬೆನ್ನು ತೋರಿಸಲು ಧೈರ್ಯ ಸಾಲದೆ ಅವಳು ಹಿಂದೆ ಹಿಂದೆ ಹೆಜ್ಜೆಯಿಡುತ್ತಲೇ ಬಾಗಿಲಿಗೆ ಬಂದಳು. ಬೆನ್ನು ಹೋಗಿ ಧಣಿಯ ಎದೆಗೆ ಬಡಿಯಿತು.

"ಮರಿ, ಫೀಡು ಕೊಡೋ ಕಂಪನಿಯ ಕೋಳಿ ಡಾಕ್ಟರ್ ಬರ್ತಿದಾನೆ," ಎಂದ ಧಣಿ. ದನಿ ಎಂದಿಲ್ಲದಷ್ಟು ಮೆತ್ತಗಿತ್ತು. ಬೈಗುಳಕ್ಕಿಂತ ಅದೇ ಅವಳನ್ನು ಹೆದರಿಸಿತು. "ನೀನು ಹೇಳ್ಬೇಕಾದ್ದು ಒಂದೇ ಮಾತು. ಬಾಗಿಲು ಹಾಕೋದು ಮರ್ತೆ, ಮಳೆ ನೀರು ನುಗ್ತು."

"ನಾನು ಮರ್ತಿಲ್ಲ ಧಣಿ."

"ಈಗ ಮರ್ತಿದೀಯ. ಪೊಲೀಸ್ನೋರು ಬಂದ್ರೆ ನಾನು ನೋಡ್ಕೋತೀನಿ. ಹೇಳ್ಲಿಲ್ವೋ, ನಿಮ್ಮತ್ತೆ ಚಾಪೆ ಸಮೇತ ರಸ್ತೆಗೆ."

ಶೆಡ್ಡುಗಳ ಹಿಂದಿನ ಒಂಟಿ ಕೋಣೆಯಲ್ಲಿ ಅತ್ತೆ ಗೋಡೆಗೊರಗಿ ಕೆಮ್ಮುತ್ತಿದ್ದಳು. ಇಪ್ಪತ್ತು ವರ್ಷದ ಫೀಡಿನ ಧೂಳು ಅವಳ ಎದೆಯೊಳಗೆ ಗೂಡು ಕಟ್ಟಿತ್ತು.

"ಒಪ್ಕೊಂಡ್ರೆ ಜೈಲು ಅತ್ತೆ. ಒಪ್ಪದಿದ್ರೆ ಬೀದಿ."

"ಜೈಲಲ್ಲಿ ಸೂರಾದ್ರೂ ಸೋರಲ್ಲ ಬಿಡು," ಎಂದು ಮುದುಕಿ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಸೊಸೆಯ ಮುಖ ನೋಡಲಿಲ್ಲ. "ಒಪ್ಕೊಂಡ್ಬಿಡು ತಾಯಿ. ಈ ಮಳೇಲಿ ಹೊರಗೆ ಹಾಕಿದ್ರೆ ನಾನು ಎರಡು ದಿನ ಉಳಿಯಲ್ಲ."

ಮಧ್ಯಾಹ್ನ ಡಾಕ್ಟರು ಬಂದರು. ಧಣಿ ಕೊಡೆ ಹಿಡಿದು ಗೋದಾಮಿಗೆ ಕರೆತಂದ. ಬಾಗಿಲ ಬಳಿ ಆಳುಗಳು ಆಗಲೇ ಹೊಸ ಮೂಟೆ ಜೋಡಿಸಿ, ಮಳೆ ನುಗ್ಗಿದಂತೆ ಕಾಣಲೆಂದು ಎರಡು ಮೂಟೆಗೆ ಬಕೆಟ್ಟಿನಿಂದ ನೀರು ಸುರಿದಿದ್ದರು.

"ಹೇಳೇ."

ಗುಬ್ಬಿ ಒದ್ದೆ ಮೂಟೆಗಳತ್ತ ಕೈ ತೋರಿಸಿದಳು. "ಮ... ಮರ್ತೆ ಸಾರ್. ಬಾಗಿಲು ಹಾಕ್ಲಿಲ್ಲ. ನೀರು ಬಂತು."

ಡಾಕ್ಟರು ಬರೆದುಕೊಂಡರು. ಧಣಿ ನಿಟ್ಟುಸಿರು ಬಿಟ್ಟು ದೊಡ್ಡ ಮನುಷ್ಯನಾದ. "ಇಂಥ ಹಲ್ಕಾ ಜನಾನ ಒಂದು ಗಳಿಗೆ ಇಟ್ಕೊಳಲ್ಲ ಸಾರ್. ನೋಡಿ, ಆಗಲೇ ಕೋಣೆ ಖಾಲಿ ಮಾಡಿಸ್ತಿದೀನಿ."

ಗುಬ್ಬಿ ತಿರುಗಿ ನೋಡಿದಳು. ಬಾಗಿಲಾಚೆ, ಮಳೆಯಲ್ಲಿ, ಮೇಸ್ತ್ರಿ ಚಾಪೆಯನ್ನು ಕೆಸರಿಗೆ ಎಸೆಯುತ್ತಿದ್ದ. ಅದರ ಹಿಂದೆ ಪಾತ್ರೆ. ಪಾತ್ರೆಯ ಹಿಂದೆ, ಗೋಡೆ ಹಿಡಿದುಕೊಂಡು, ಅತ್ತೆ.

"ಧಣಿ... ಹೇಳಿದ್ನಲ್ಲ ಧಣಿ. ನೀವು ಹೇಳಿದ್ದನ್ನೇ ಹೇಳಿದ್ನಲ್ಲ!"

"ಏಯ್, ಬಾಯ್ಮುಚ್ಚು!"

ಡಾಕ್ಟರು ಪುಸ್ತಕ ಮಡಚಿ ಹೊರಟಿದ್ದರು. ಗುಬ್ಬಿ ಅವರ ಮಣಿಕಟ್ಟು ಹಿಡಿದಳು. ಈವರೆಗೆ ಅಂಥವರ ನೆರಳಿಗೂ ದಾರಿ ಬಿಟ್ಟು ನಿಲ್ಲುತ್ತಿದ್ದವಳು. ಈಗ ಹಿಡಿದಳು, ಹಿಂಬದಿಯ ಮೂಲೆಗೆ ಎಳೆದಳು, ಬಿಚ್ಚಿದ ಮೂಟೆಯೊಳಗೆ ಆ ಕೈಯನ್ನು ತನ್ನ ಕೈಯ ಸಮೇತ ಮೊಣಕೈವರೆಗೂ ತುರುಕಿದಳು.

"ಬಾಗಿಲು ಅಲ್ಲಿ ಸಾರ್, ಮೂಟೆ ಇಲ್ಲಿ! ನೀರೇನು ರೆಕ್ಕೆ ಕಟ್ಕೊಂಡು ಬಂತಾ? ಮುಟ್ಟಿ ನೋಡಿ! ಕಿಟಕಿಗೆ ತಗಡು ಹೊಡ್ಸಿದ್ದು ಯಾರು ಕೇಳಿ!"

"ಬಿಡೇ ಬೋಸುಡಿ! ಯಾರ ಕೈ ಹಿಡ್ದಿದೀಯ ಗೊತ್ತಾ?" ಎಂದು ಧಣಿ ಅರಚಿದ.

ಡಾಕ್ಟರು ಹೇಸಿ ಕೈ ಎಳೆದರು. ಮತ್ತೊಮ್ಮೆ ಎಳೆದರು. ಆಮೇಲೆ ಒಳಗಿನ ಬಿಸಿ ಅರಿವಿಗೆ ಬಂದು ಎಳೆಯುವುದನ್ನು ನಿಲ್ಲಿಸಿದರು.

ಧಣಿ ಅವಳ ಜುಟ್ಟಿಗೆ ಕೈ ಹಾಕಿ ಹಿಂದಕ್ಕೆ ಜಗ್ಗಿದ. ಕತ್ತು ಹಿಂದಕ್ಕೆ ವಾಲಿತು, ಕಣ್ಣು ಸೂರಿಗೆ ಸಿಕ್ಕಿಕೊಂಡವು. ಕೈ ಮಾತ್ರ ಆ ಬಿಸಿಯೊಳಗೆ ಡಾಕ್ಟರರ ಮಣಿಕಟ್ಟಿನ ಮೇಲೆ ಹಾಗೇ ಬಿಗಿದುಕೊಂಡಿತ್ತು.