ಸೊನ್ನೆಗಳು ತೆರೆದಿಟ್ಟ ಬಾಗಿಲು

ಮಗುವನ್ನು ಬಿಟ್ಟು ಕೆಲಸಕ್ಕೆ ಹೋದ ತಾಯಿಗೆ ದಿನವಿಡೀ ಒಂದೇ ಸಂಕಟ: ಉಂಡಿತೋ, ಮಲಗಿತೋ. ಅದಕ್ಕೆಂದೇ, ತಾಯಂದಿರು ಫೋನಿನಲ್ಲೇ ನೋಡಲೆಂದು, ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಮನೆಯಲ್ಲಿ ಕ್ಯಾಮೆರಾ ಹಾಕಿಸಿದ್ದರು. ಆ ಮನೆ ನಡೆಸುವ ದೊಡ್ಡಮ್ಮ ಹನ್ನೆರಡು ವರ್ಷದಲ್ಲಿ ಒಂದು ಮಗುವನ್ನೂ ಗುರುತಿಲ್ಲದವರ ಕೈಗೆ ಕೊಟ್ಟವಳಲ್ಲ.

ಆ ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ತಂತಿಯಕ್ಕ ಓಡೋಡಿ ಬಂದಳು. ಆಫೀಸುಗಳಿಗೆ ನೆಟ್‌ವರ್ಕ್ ಜೋಡಿಸುವುದು ಅವಳ ಕಸುಬು. ಅವಳ ಮಗಳೂ ಇಲ್ಲೇ ಇರುವುದು. ಫೋನು ಮುಂದೆ ಹಿಡಿದಳು. ಪರದೆಯ ಮೇಲೆ ಇದೇ ಕೋಣೆ, ಸಾಲಾಗಿ ಮಲಗಿದ ಮಕ್ಕಳು.

"ಮಗಳನ್ನ ನೋಡ್ತಿದ್ದೀಯ. ಅದಕ್ಕೇ ತಾನೇ ಹಾಕಿಸಿದ್ದು?"

"ಇದು ನಮ್ಮ ಆ್ಯಪ್ ಅಲ್ಲ ದೊಡ್ಡಮ್ಮ. ಯಾರೋ ನಡೆಸೋ ವೆಬ್‌ಸೈಟು. ತೆರೆದು ಬಿದ್ದಿರೋ ಕ್ಯಾಮೆರಾಗಳನ್ನ ಹುಡುಕಿ ಪಟ್ಟಿ ಹಾಕಿದ್ದಾರೆ. ನನ್ನ ಜೊತೆ ಕೆಲಸ ಮಾಡೋಳು ತೋರಿಸಿದಳು."

ದೊಡ್ಡಮ್ಮ ತಲೆಯೆತ್ತಿ ಗೋಡೆಯ ಕ್ಯಾಮೆರಾ ನೋಡಿದಳು. ಫೋನಿನೊಳಗೆ ಅವಳೇ ತಲೆಯೆತ್ತಿ ಅವಳನ್ನು ನೋಡಿದಳು.

ತಂತಿಯಕ್ಕ ಕ್ಯಾಮೆರಾದ ತಂತಿ ಕಿತ್ತಳು.

"ಹೊರಗಿನವರನ್ನ ತಡೆಯೋಕೆ ಫೈರ್‌ವಾಲ್ ಇದೆಯಲ್ಲೇ?" ದೊಡ್ಡಮ್ಮ ಕೇಳಿದಳು.

"ಕಾವಲುಗಾರ ಇದ್ದಾನೆ. ಅವನಿಗೆ ಏನು ಹೇಳಿಟ್ಟಿದ್ದೀರಿ ನೋಡೋಣ."

ಕಂಪ್ಯೂಟರಿನಲ್ಲಿ ಫೈರ್‌ವಾಲ್‌ನ ನಿಯಮಗಳನ್ನು ತೆರೆದಾಗ ಒಂದು ಸಾಲು ಸಿಕ್ಕಿತು. ಯಾರಿಂದ: 0.0.0.0/0. ಯಾರಿಗೆ: 192.168.1.20. ಬಿಡು.

"ಇಪ್ಪತ್ತನೇದು ನಮ್ಮ ಕ್ಯಾಮೆರಾ. 192.168.1 ಅಂತ ಶುರುವಾಗೋ ವಿಳಾಸಗಳೆಲ್ಲ ನಮ್ಮ ಮನೆಯೊಳಗಿನವು. ಆ ಸೊನ್ನೆಗಳು ಯಾರು ಗೊತ್ತಾ?"

"ಯಾರೂ ಇಲ್ಲ ಅಂತ ತಾನೇ?"

"ಎಲ್ಲರೂ ಅಂತ. ಪ್ರಪಂಚದಲ್ಲಿ ಇಂಟರ್‌ನೆಟ್ ಇರೋ ಪ್ರತಿಯೊಬ್ಬರೂ."

ದೊಡ್ಡಮ್ಮ ಆ ಸಾಲನ್ನು ಮತ್ತೆ ಓದಿದಳು. ಅದನ್ನು ಬರೆಸಿದ್ದು ಅವಳೇ. ಮೊದಲು ತಾಯಂದಿರ ಫೋನಿನ ಇಂಟರ್‌ನೆಟ್ ವಿಳಾಸ ಒಂದೊಂದಾಗಿ ಬರೆಸುತ್ತಿದ್ದಳು. ಮರುದಿನ ನೋಡಿದರೆ ವಿಳಾಸವೇ ಬೇರೆ. ರೋಸಿಹೋಗಿ ಕ್ಯಾಮೆರಾ ಹಾಕಿದವನಿಗೆ, ಎಲ್ಲರಿಗೂ ತೆಗೆದುಬಿಡಪ್ಪ ಎಂದಿದ್ದಳು. ಎಲ್ಲರೂ ಎಂದರೆ ಅವಳಿಗೆ ಇಪ್ಪತ್ತಾರು ತಾಯಂದಿರು.

"ಮೊಬೈಲಿನ ವಿಳಾಸ ಬಾಡಿಗೆ ಮನೆ ಇದ್ದ ಹಾಗೆ, ಬದಲಾಗ್ತಾನೇ ಇರುತ್ತೆ. ಅದನ್ನ ನಂಬಿ ಬಾಗಿಲು ತೆಗೀಬಾರದು. ಕ್ಯಾಮೆರಾದ ಪಾಸ್‌ವರ್ಡ್ ಬದಲಾಯಿಸಿದ್ರಾ?"

"ಡಬ್ಬದ ಮೇಲೆ ಅಚ್ಚು ಹಾಕಿದ್ದೇ ಇರೋದು."

ತಂತಿಯಕ್ಕ ಬಂದುಹೋದವರ ದಾಖಲೆ ತೆರೆದಳು. ಗುರುತಿಲ್ಲದ ವಿಳಾಸಗಳು, ಪುಟದ ಮೇಲೆ ಪುಟ. ಒಂದೇ ವಿಳಾಸ ಮಕ್ಕಳು ಮಲಗುವ ಹೊತ್ತಿಗೆ ಸರಿಯಾಗಿ ಒಂಬತ್ತು ದಿನ ಬಂದಿತ್ತು.

ದೊಡ್ಡಮ್ಮ ಕ್ಯಾಮೆರಾದವನಿಗೆ ಫೋನು ಹಚ್ಚಿದಳು. "ಕೂಲಿಯವರ ಮಕ್ಕಳನ್ನ ಯಾರು ನೋಡ್ತಾರೆ ಬಿಡಿ," ಎಂದ. "ಸಾಹುಕಾರನ ಮಗು ಇದ್ದಿದ್ರೆ ಸೊನ್ನೆ ಬರೀತಿದ್ಯೇನೋ?" ಎಂದು ಫೋನು ಇಟ್ಟಳು.

ಇಬ್ಬರೂ ಕೂತು ಸರಿಮಾಡಿದರು. ಸೊನ್ನೆಯ ಸಾಲು ಅಳಿಸಿದರು. ಹೊರಗಿನಿಂದ ಯಾರು ಬಂದರೂ ತಡೆ ಎಂದು ಬರೆದರು. ಪಾಸ್‌ವರ್ಡ್ ಬದಲಾಯಿಸಿದರು. ತಾಯಂದಿರಿಗೆ ಮಾತ್ರ ವಿಪಿಎನ್ ಎಂಬ, ಬೇರೆಯವರು ಹೊಗಲಾಗದ ದಾರಿ ಬಿಟ್ಟರು. ಒಬ್ಬೊಬ್ಬರಿಗೂ ಬೇರೆ ಬೀಗದ ಕೈ. ಆ ದಾರಿಯಲ್ಲಿ ಬಂದ ಫೋನಿಗೆ ಒಳಗಿನ ವಿಳಾಸವೇ ಸಿಗುತ್ತದೆ. ಕ್ಯಾಮೆರಾ ಅಂಥವರಿಗೆ ಮಾತ್ರ. ತಂತಿ ಮತ್ತೆ ಜೋಡಿಸಿ, ಬೀದಿಗೆ ಹೋಗಿ ಹೊರಗಿನವರಂತೆ ಮೊಬೈಲ್ ಇಂಟರ್‌ನೆಟ್ಟಿನಲ್ಲಿ ಆ ವೆಬ್‌ಸೈಟು ತೆರೆದು ನೋಡಿದರು. ಚಿತ್ರ ಬರಲಿಲ್ಲ.

"ತಾಯಂದಿರಿಗೆ ಹೇಳ್ತೀರಾ?" ತಂತಿಯಕ್ಕ ಮೆಲ್ಲಗೆ ಕೇಳಿದಳು.

"ಹೇಳದೆ? ಮಕ್ಕಳು ಅವರವು."

ಸಂಜೆ ಗೇಟಿನಲ್ಲಿ ನಿಂತು ಎಲ್ಲರಿಗೂ ಹೇಳಿದಳು, ತನ್ನ ತಪ್ಪನ್ನೂ ಬಿಡದೆ. ಯಾರೂ ಬೈಯಲಿಲ್ಲ. ಹೊಲಿಗೆಯವಳೊಬ್ಬಳು ಮಗುವನ್ನು ಎದೆಗೊತ್ತಿಕೊಂಡು ಕೇಳಿದಳು: "ಎಷ್ಟು ದಿನ ನೋಡಿದ್ರು ದೊಡ್ಡಮ್ಮ?"

ಅದಕ್ಕೆ ಉತ್ತರ ಕೊಡುವ ಸ್ಥಿತಿ ನಿಮಗೆ ಬರಬಾರದು. ನಿಮ್ಮ ಮನೆ, ಅಂಗಡಿ, ಶಾಲೆಯ ಫೈರ್‌ವಾಲ್‌ನಲ್ಲಿ ಏನು ಬರೆದಿದೆ ಎಂದು ಇವತ್ತೇ ತೆಗೆಸಿ ನೋಡಿ. ಯಾರಿಂದ, ಯಾರಿಗೆ ಎಂಬ ಎರಡು ವಿಳಾಸ ಓದಿ. ಹೊರಗಿನಿಂದ ಒಳಕ್ಕೆ ಬಿಡುವ ಸಾಲಿನಲ್ಲಿ ಬರೀ ಸೊನ್ನೆ ಕಂಡರೆ, ಬರೆದವನನ್ನು ನಿಲ್ಲಿಸಿ ಕೇಳಿ: ಯಾರಿಗಾಗಿ ತೆರೆದಿದ್ದೀಯ?