ತವರಿನ ನೂಲು

"ನೀನೇ ಮಾತಾಡು. ನಿನ್ನ ತಮ್ಮ ತಾನೆ," ಎಂದು ಮಹಾಂತಯ್ಯ ಎಸ್‌ಟಿಡಿ ಬೂತಿನ ಬಾಗಿಲು ತೆರೆದು ಹಿಡಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಹೆಂಡತಿ ಕಾಶಮ್ಮನಿಗಾಗಿ ಬಾಗಿಲು ಹಿಡಿದದ್ದು ಇದು ಎರಡನೆಯ ಸಲ. ಮೊದಲನೆಯದು ಹೋದ ವರ್ಷ, ಇದೇ ಬೂತಿನಲ್ಲಿ.

ಆಗ ಕಾಶಮ್ಮನಿಂದ ಹೇಳಿಸಿದ ಮಾತು ಬೇರೆ. ಇನ್ನು ನೂಲು ಕಳಿಸಬೇಡ ಎಂದು. ಸರ್ಕಾರ ಆಮದಿನ ಕಟ್ಟು ಸಡಿಲಿಸಿತ್ತು. ಗಂಟಿಲ್ಲದ, ಒಂದೇ ಸಮನಾದ ಚೀನಾ ರೇಷ್ಮೆ ಅಗ್ಗವಾಗಿ ಸಿಗುತ್ತಿತ್ತು. ಬನಾರಸ್‌ನ ಮದನಪುರದ ನೇಕಾರರಿಗೆ ನೂಲು ಕೊಟ್ಟು ಬನಾರಸಿ ಸೀರೆ ನೇಯಿಸುವ ಮಹಾಂತಯ್ಯನಿಗೆ ಅಲ್ಲಿಯವರೆಗೆ ನೂಲು ಬರುತ್ತಿದ್ದದ್ದು ಹೆಂಡತಿಯ ತವರು ರಾಮನಗರದಿಂದ. ಅಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದವನು ಕಾಶಮ್ಮನ ತಮ್ಮ ಕುಮಾರಯ್ಯ. ತವರಿನೊಂದಿಗಿನ ಮಾತನ್ನು ಹೆಂಡತಿಯೇ ಆಡಬೇಕು ಎಂಬುದು ಆ ಮನೆಯ ರೀತಿ. ಬೇಕು ಎನ್ನುವುದೂ ಅವಳೇ, ಬೇಡ ಎನ್ನುವುದೂ ಅವಳೇ.

ಅಂದು ರೊಟ್ಟಿ ತಟ್ಟುತ್ತ ಅವಳು ಹೇಳಿದ್ದಳು: "ಪೂರಾ ಬಿಡಬೇಡಿ. ಅರ್ಧ ಅಲ್ಲಿಂದ ತರಿಸಿ, ಅರ್ಧ ನಮ್ಮೋರಿಂದ. ಒಂದು ನಿಂತ್ರೆ ಇನ್ನೊಂದಿರ್ತದೆ."

"ಧಂಧಾ ಬೇರೆ, ನೆಂಟಸ್ತನ ಬೇರೆ ಕಣೇ. ನಿನ್ನ ತಮ್ಮನ್ನ ಸಾಕೋಕೆ ನಾನು ಮಗ್ಗ ನಡೆಸ್ತಿದೀನಾ?" ಎಂದಿದ್ದ ಮಹಾಂತಯ್ಯ.

ಮಗಳು ವರ್ಷಿಣಿಯೂ ನಕ್ಕಿದ್ದಳು. "ಅಮ್ಮಾ, ಮಾಮಾ ಕಾ ಮಾಲ್ ಪುರಾನಾ ಹೋ ಗಯಾ!" ಮಾವನ ಮಾಲು ಹಳತಾಯಿತು ಎಂದು.

ಈಗ ಚೀನಾ ನೂಲು ನಿಂತಿದೆ. ನಿಯಮ ಮತ್ತೆ ಬದಲಾಯಿತಂತೆ, ಸರಕು ಬಂದರಿನಲ್ಲೇ ಕೂತಿದೆಯಂತೆ. ಚೌಕದ ನೂಲಿನ ವ್ಯಾಪಾರಿ ಬಾಯಿ ತುಂಬ ಪಾನ್ ಇಟ್ಟುಕೊಂಡು ಬರಿಗೈ ಆಡಿಸಿದ. ನೇಕಾರ ಸಗೀರ್ ಮಿಯಾನ ಮಗ್ಗದಲ್ಲಿ ಹಾಸು ಬಿಗಿದಿದೆ, ಹೊಕ್ಕಿಗೆ ನೂಲಿಲ್ಲ. ಸೀರೆ ಅರ್ಧಕ್ಕೆ ನಿಂತಿದೆ. ಈ ಲಗ್ನದ ಕಾಲಕ್ಕೆ ಮಾಲು ಕೊಡದಿದ್ದರೆ ಮುಂದೆ ಮುಖ ತೋರಿಸಬೇಡ ಎಂದಿದ್ದಾನೆ ಸೀರೆ ಅಂಗಡಿಯವನು.

ರಾಮನಗರದಲ್ಲಿ ಪಕ್ಕದ ಮನೆಯವರು ಕುಮಾರಯ್ಯನನ್ನು ಕರೆದು ತರುವವರೆಗೆ ಕಾಶಮ್ಮ ಫೋನನ್ನು ಕಿವಿಗೊತ್ತಿಕೊಂಡೇ ನಿಂತಳು.

"ಅಕ್ಕಯ್ಯಾ! ಊಟ ಆಯ್ತಾ? ಮಗು ಚೆನ್ನಾಗವ್ಳಾ?"

"ಎಲ್ಲಾ ಚೆನ್ನಾಗಿದೀವಪ್ಪ. ಕುಮಾರ... ನೂಲು ಬೇಕಾಗಿತ್ತು ಕಣೋ."

ಅತ್ತ ಕಡೆ ಯಾರದೋ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು.

"ನಮ್ ಒಲೆ ಆರಿಸ್ಬಿಟ್ಟೆ ಅಕ್ಕ. ನೀವು ಬಿಟ್ಮೇಲೆ ಬನಾರಸ್‌ನೋರು ಯಾರೂ ಕೇಳ್ಲಿಲ್ಲ. ಚರಕ, ಬಾಯ್ಲರ್ ಎಲ್ಲಾ ಕೊಟ್ಟಾಯ್ತು. ಈಗ ಇನ್ನೊಬ್ರ ತಾವ ಬಿಸಿನೀರಲ್ಲಿ ಕೈ ಅದ್ದೋ ಕೆಲ್ಸ. ನಿಂಗ್ಯಾಕೆ ಹೇಳಿ ನೋಯಿಸ್ಲಿ ಅಂತ ಸುಮ್ಕಿದ್ದೆ."

ಕಾಶಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ನೀ ಯೋಚ್ನೆ ಮಾಡ್ಬೇಡ," ಎಂದ ಅವನೇ, ಅವಸರದಿಂದ. "ನಮ್ ಯಜಮಾನ್ರತ್ರ ಮಾಲೈತೆ. ಸಾಲ ಅಂದ್ರೆ ಸುಮ್ನೆ ಕೊಡಾಕಿಲ್ಲ. ಮನೆಯೊಂದು ಉಳ್ದದಲ್ಲ, ಅದರ ಪತ್ರ ಇಟ್ಟು ತಂದು ಕಳಿಸ್ತೀನಿ. ಸೀರೆ ಮಾರಿದ್ಮೇಲೆ ಭಾವ ಕೊಡ್ಲಿ. ಭಾವ ಕೇಳವ್ರೆ ಅಂದ್ಮೇಲೆ ಇಲ್ಲ ಅನ್ನಕ್ಕಾಯ್ತದಾ?"

ಗಾಜಿನ ಆಚೆ ಮಹಾಂತಯ್ಯ ಹುಬ್ಬೇರಿಸಿ ನೋಡುತ್ತಿದ್ದ. ಯಾವಾಗ ಕಳಿಸ್ತಾನಂತೆ ಎಂದು ಕೈಸನ್ನೆಯಲ್ಲೇ ಕೇಳಿದ.

ಕಾಶಮ್ಮ ಅವನಿಗೆ ಬೆನ್ನು ತಿರುಗಿಸಿದಳು. "ಬೇಡ ಕಣೋ ಕುಮಾರ. ಇಲ್ಲೇ ಸಿಕ್ಕಿದೆ. ನಿನ್ನ ಹತ್ರ ಇದ್ರೆ ಇನ್ನಷ್ಟು ಇರ್ಲಿ ಅಂತ ಕೇಳ್ದೆ, ಅಷ್ಟೆ."

"ನಿಜ್ವಾಗ್ಲೂನಾ?"

"ನಿಮ್ಮ ಭಾವ ಆಗ್ಲೇ ತಂದಿಟ್ಟಾಯ್ತು. ಮನೆ ಪತ್ರ ಯಾರ ಕೈಗೂ ಕೊಡ್ಬೇಡ."

ತಮ್ಮ ಬಿಟ್ಟ ಉಸಿರು ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕೇಳಿಸಿತು.

ಹೊರಗೆ ಬಂದು "ಇಲ್ಲವಂತೆ," ಎಂದಳು.

"ಇಲ್ಲವಂತೆ? ಕೊಡೋ ಮನಸ್ಸಿಲ್ಲ ಅನ್ನು! ಹೋದ ಸಲದ ಸೇಡು ತೀರಿಸ್ಕೊಂಡ. ನಿಮ್ಮನೆಯವರ ಬುದ್ಧಿ ನಂಗೊತ್ತಿಲ್ವಾ?"

"ಹೌದು," ಎಂದಳು ಕಾಶಮ್ಮ. "ಅವನಿಗೆ ಮನಸ್ಸಿಲ್ಲ."

ಅವಳು ಒಪ್ಪಿಕೊಂಡ ಮೇಲೆ ಬೈಯುವುದಕ್ಕೂ ಅವನಿಗೆ ಏನೂ ಉಳಿಯಲಿಲ್ಲ. "ಸಗೀರ್‌ಗೆ ನೀನೇ ಹೇಳ್ಬಿಡು. ಹೆಂಗಸರು ಹೇಳಿದ್ರೆ ಜಗಳ ಆಡಲ್ಲ," ಎಂದು ಚಹಾದ ಅಂಗಡಿಯ ಕಡೆ ನಡೆದ.

ಸಗೀರ್ ಮಿಯಾ ತನ್ನ ಮನೆಯಲ್ಲಿ, ನೆಲದಲ್ಲಿ ತೋಡಿದ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಹಾಸಿನ ಮೇಲಿನ ಧೂಳನ್ನು ಊದುತ್ತಿದ್ದ. ಅವಳನ್ನು ಕಂಡು ಮುಖವರಳಿಸಿ, "ಧಾಗಾ ಆ ಗಯಾ, ಭಾಭೀ?" ನೂಲು ಬಂತೇ ಎಂದ.

"ನಹೀಂ, ಭೈಯಾ. ನಹೀಂ ಆಯೇಗಾ," ಬರುವುದಿಲ್ಲ ಎಂದಳು.

ಅವನು ಸ್ವಲ್ಪ ಹೊತ್ತು ಲಾಳಿಯನ್ನು ಅಂಗೈಯಲ್ಲಿ ತಿರುಗಿಸಿದ. "ಚಲಿಯೇ, ಘುಟನೋಂ ಕೋ ಛುಟ್ಟೀ ಮಿಲೀ," ಮಂಡಿಗಳಿಗೆ ರಜೆ ಸಿಕ್ಕಿತು ಎಂದು ನಗಲು ನೋಡಿದ. ಗುಂಡಿಯಿಂದ ಮೇಲೆ ಬಂದು, ಗೂಟದಲ್ಲಿದ್ದ ಅಂಗಿ ತೊಟ್ಟು, ಬಾಡಿಗೆ ರಿಕ್ಷಾ ಕೊಡುವವನನ್ನು ಕೇಳಿಬರುತ್ತೇನೆಂದು ಹೆಂಡತಿಗೆ ಹೇಳಿ ಹೊರಟ.

ಕಾಶಮ್ಮ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಯಾವುದಕ್ಕೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

ಸಗೀರನ ಹೆಂಡತಿ ಮೂಲೆಯಲ್ಲಿದ್ದ ಹಲಗೆಯನ್ನು ಎಳೆದು ತಂದಳು. ಕಾಶಮ್ಮ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಗುಂಡಿ ಮುಚ್ಚಿದರು. ಅದರ ಮೇಲೆ ಕೌದಿ ಹಾಸಿ, ಆಕೆ ಕಂಕುಳಲ್ಲಿದ್ದ ಕೂಸನ್ನು ಮಲಗಿಸಿದಳು. ಕೂಸು ಅಳಲಿಲ್ಲ. ಹೊಸ ಜಾಗದಲ್ಲಿ ಅಂಗಾತ ಮಲಗಿ, ಕಾಲು ಬಡಿಯುತ್ತ, ಹಾಸಿನ ಎಳೆಗಳ ಪಕ್ಕದಲ್ಲಿ ಇಳಿದ ಬಿಸಿಲನ್ನು ನೋಡತೊಡಗಿತು.