ಎಕ್ಕದ ಗಿಡದ ಹೇನು

ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವರ ಪಕ್ಕದ ಹೊಲಕ್ಕೆ ಔಷಧಿ ಹೊಡೆಯುವ ಮೊದಲು ಒಂದು ಮಾತು ಹೇಳುವುದು ರೂಢಿ. ವೆಂಕಟರವಣಪ್ಪ ಅದಕ್ಕೇ ಅಶ್ವತ್ಥಮ್ಮನ ಮನೆಗೆ ಬಂದಿದ್ದ. ಅವನ ಅವರೆಯ ಚಿಗುರಿಗೆಲ್ಲ ಕಪ್ಪು ಸಸ್ಯಹೇನು ಹತ್ತಿತ್ತು. ಆ ಹೊಲಕ್ಕೂ ಅಶ್ವತ್ಥಮ್ಮನ ಹಿಪ್ಪುನೇರಳೆ ತೋಟಕ್ಕೂ ನಡುವೆ ಒಂದು ಬದು ಮಾತ್ರ. ಅವಳು ಆಗಷ್ಟೇ ಮರಿಹುಳು ತಂದಿದ್ದಳು. ಗೂಡು ಕಟ್ಟುವವರೆಗೆ ಅವಕ್ಕೆ ಆ ತೋಟದ ಸೊಪ್ಪೇ ಗತಿ.

ಅಶ್ವತ್ಥಮ್ಮನ ಸೊಸೆ ಕವಿತ ಅವನನ್ನು ತಡೆದಳು. ಪ್ರಾಣಿಶಾಸ್ತ್ರ ಓದಿದ ಅವಳು ಹಿತ್ತಿಲ ಕೋಣೆಯಲ್ಲಿ ಗುಲಗಂಜಿ ಹುಳುವಿನ, ಅಂದರೆ ಲೇಡಿಬರ್ಡ್ ಜೀರುಂಡೆಯ, ಮರಿಗಳನ್ನು ಸಾಕುತ್ತಿದ್ದಳು. ಅವುಗಳ ಆಹಾರವೇ ಸಸ್ಯಹೇನು.

"ಸ್ವಲ್ಪ ಬಲೀಲಿ ಅಣ್ಣಾ, ನಿನ್ನ ಹೊಲಕ್ಕೇ ಬಿಡ್ತೀನಿ. ಔಷಧಿ ಬೇಕಾಗಲ್ಲ."

"ಹುಳ ಕೊಲ್ಲೋಕೆ ಹುಳ ಸಾಕ್ತೀಯಾ? ನಿಮ್ಮತ್ತೆ ಸಾಕೋದು ಸಾಲ್ದೇನಮ್ಮ?" ಎಂದು ನಕ್ಕರೂ ಒಪ್ಪಿದ.

ಮರಿಗಳಿಗೆ ಹಾಕಲು ಅವಳು ಹೇನು ಹತ್ತಿದ ಅವರೆ ಚಿಗುರು ಕೇಳಿದಾಗ ಮಾತ್ರ ಒಪ್ಪಲಿಲ್ಲ. ಹೂವಿಗೆ ಬಂದ ಕುಡಿ ಮುರಿದರೆ ಕಾಯಿ ಎಲ್ಲಿಯದು? ಬದಲಿಗೆ ಕೆರೆ ಏರಿಯ ಎಕ್ಕದ ಗಿಡದ ರೆಂಬೆಗಳನ್ನು ಕಿತ್ತು ತಂದ. ಅವುಗಳ ತುಂಬ ಹಳದಿ ಹೇನು.

"ಹೇನೋ ಪೇನುಬಂಕವೋ, ಯಾವ ಗಿಡದ್ದಾದ್ರೇನು, ತಿನ್ಲಿ ಬಿಡು."

ಮುರಿದ ತುದಿಯಿಂದ ಬಿಳಿ ಹಾಲು ತೊಟ್ಟಿಕ್ಕುತ್ತಿತ್ತು. ಆ ವಿಷದ ಗಿಡದ ರಸವನ್ನೇ ಹೀರಿ ಬೆಳೆದ ಹೇನು. ಕವಿತ ಒಂದು ಕ್ಷಣ ಅನುಮಾನಿಸಿದಳು. ಆದರೆ ಮರಿಗಳು ಆತುರದಿಂದ ತಿನ್ನತೊಡಗಿದವು.

ಕೆಲವು ದಿನಗಳಲ್ಲಿ ಅವು ತಿನ್ನುವುದನ್ನು ಬಿಟ್ಟು ಅಲ್ಲಲ್ಲೇ ನಿಂತವು. ಅತ್ತೆ ಬಗ್ಗಿ ನೋಡಿದಳು. "ಪೊರೆ ಬಿಡೋಕೆ ಕೂತವೆ ಕಣೇ. ಮುಟ್ಟಬ್ಯಾಡ." ಪೊರೆ ಬಿಡುವ ರೇಷ್ಮೆ ಹುಳುವಿನ ತಟ್ಟೆಯನ್ನು ಆ ಮನೆಯಲ್ಲಿ ಯಾರೂ ಅಲುಗಾಡಿಸುತ್ತಿರಲಿಲ್ಲ. ಕವಿತಳೂ ಅಲುಗಾಡಿಸಲಿಲ್ಲ.

ಕೊನೆಗೆ ತಟ್ಟೆ ತೆಗೆದಾಗ ಹಲವು ಮರಿಗಳು ಒಣಗಿ ಅಂಟಿಕೊಂಡಿದ್ದವು. ಉಳಿದವು ಕುಗ್ಗಿದ ಕೋಶಗಳಾಗಿದ್ದವು. ಕೆಲವು ದಿನಕ್ಕೆ ಅವುಗಳಿಂದ ಹೊರಬಂದ ಒಂದೊಂದು ಹುಳುವಿನ ರೆಕ್ಕೆಯೂ ಸುಟ್ಟ ಕಾಗದದಂತೆ ಮುದುಡಿತ್ತು.

ವೆಂಕಟರವಣಪ್ಪ ಒಂದನ್ನು ಬೆರಳಿಗೆ ಹತ್ತಿಸಿಕೊಂಡ. ಅದು ಉರುಳಿ ಬಿತ್ತು.

"ಇವು ಹಾರಲ್ಲ, ಅಲ್ವೇನಮ್ಮ? ನಾನು ಬೆಳಿಗ್ಗೆ ಹೊಡಿತೀನಿ. ಹೇಳಿದೀನಿ, ಆಮೇಲೆ ಹೇಳ್ಲಿಲ್ಲ ಅನ್ಬ್ಯಾಡಿ."

ಅತ್ತೆ ಸೊಸೆ ಸಂಜೆಯೊಳಗೆ ಆದಷ್ಟು ಸೊಪ್ಪು ಕೊಯ್ದು ಒದ್ದೆ ಗೋಣಿ ಹೊದಿಸಿದರು. ಆದರೆ ರೇಷ್ಮೆ ಹುಳುಗಳು ಈಗ ಬೆರಳುದ್ದವಾಗಿದ್ದವು, ಎಷ್ಟು ಹಾಕಿದರೂ ಮುಗಿಸುತ್ತಿದ್ದವು. ಬೆಳಿಗ್ಗೆ ಬದುವಿನಾಚೆ ಸ್ಪ್ರೇಯರ್ ಮೋಟಾರು ಶುರುವಾಯಿತು. ಗಾಳಿ ತೋಟದ ಕಡೆಗೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಗೋಣಿಯಡಿ ಏನೂ ಉಳಿದಿರಲಿಲ್ಲ.

ಅಶ್ವತ್ಥಮ್ಮ ತೋಟದಲ್ಲಿ ಬದುವಿಗೆ ದೂರದ ತುದಿಯಿಂದ ಒಂದು ಹಿಡಿ ಸೊಪ್ಪು ತಂದಳು. "ಮೂಸು. ಔಷಧಿ ವಾಸನೆ ಐತಾ?"

"ಗೊತ್ತಾಗ್ತಿಲ್ಲ ಅತ್ತೆ. ಮೊದಲು ನಾಲ್ಕು ಹುಳಕ್ಕೆ ಹಾಕಿ ನೋಡಣ."

ನಾಲ್ಕನ್ನು ಬೇರೆ ತಟ್ಟೆಗಿಟ್ಟು ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಹುಳುಗಳು ಎಲೆಯ ಅಂಚು ಹಿಡಿದು ತಿನ್ನತೊಡಗಿದವು. ಅತ್ತೆಯ ಮುಖ ಸಡಿಲಾಯಿತು.

ಒಂದು ಹುಳು ತಿನ್ನುವುದನ್ನು ನಿಲ್ಲಿಸಿತು.

"ಪೊರೆ ಬಿಡೋದೆಲ್ಲ ಮುಗ್ದೈತಲ್ಲೇ," ಎಂದಳು ಅತ್ತೆ ಮೆಲ್ಲಗೆ.

ಅದು ತಲೆಯೆತ್ತಿ ಅತ್ತಿತ್ತ ಒದ್ದಾಡಿತು. ಎಲೆಯ ಮೇಲೆ ಹಸಿರು ನೀರು ಕಕ್ಕಿತು. ಅವರ ಬೆನ್ನ ಹಿಂದೆ, ಬರಿಯ ಕಡ್ಡಿಗಳ ಮೇಲೆ, ಹಸಿದ ಹುಳುಗಳೆಲ್ಲ ಸೊಪ್ಪಿಗಾಗಿ ತಡಕಾಡುತ್ತಿದ್ದವು.